ಅಂಗಿಯಲ್ಲಿ ಕಾಣುವುದೇ ಸ್ವಭಾವ?

ಒಂದೇ ವಿದ್ಯಾರ್ಥಿನಿಲಯದ ಒಂದೇ ಕೊಠಡಿಯಲ್ಲಿ ವಾಸಿಸುವ ಇಬ್ಬರು ತರುಣರನ್ನು ಕಲ್ಪಿಸಿಕೊಳ್ಳಿ. ಒಬ್ಬನ ಮೇಜಿನ ಮೇಲೆ ಪುಸ್ತಕಗಳು ಗಾತ್ರಕ್ಕನುಗುಣವಾಗಿ ಒಂದರ ಮೇಲೊಂದು ಕುಳಿತಿರುತ್ತವೆ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗಲೇ ಅವನ ಓದಿನ ವೇಳಾಪಟ್ಟಿ ಗೋಡೆಗೇರಿರುತ್ತದೆ. ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಅವನು ಹೊಸ್ತಿಲು ದಾಟನು. ಮತ್ತೊಬ್ಬನ ಮೇಜು ಸಂತೆ ಮುಗಿದ ಮರುದಿನದ ಬಯಲಿನಂತಿರುತ್ತದೆ. ಅವನ ಓದೆಲ್ಲವೂ ಪರೀಕ್ಷೆಯ ಹಿಂದಿನ ರಾತ್ರಿಗೆ ಮೀಸಲು. ಬೆಳಗ್ಗೆ ಹಗ್ಗದ ಮೇಲೆ ಮೊದಲು ಕೈಗೆ ಸಿಕ್ಕಿದ ಅಂಗಿಯೇ ಅವನ ಅಂದಿನ ಅಂಗಿ. ಇವರಿಬ್ಬರನ್ನು ಕಂಡ ಹಿರಿಯರು, "ಆ ಹುಡುಗ ಶಿಸ್ತಿನವನು, ಈ ಹುಡುಗ ಉಡಾಳ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ.

ಈ ಒಂದು ಮಾತಿನೊಳಗೆ ಹಲವು ನಂಬಿಕೆಗಳು ಹೆಣೆದುಕೊಂಡಿವೆ. ಮನುಷ್ಯರು ಕೆಲವೇ ಪಂಗಡಗಳಿಗೆ ಸೇರಿದವರೆಂಬುದು ಒಂದು. ಅವರು ಕೆಲಸ ಮಾಡುವ ರೀತಿಯು ಆ ಪಂಗಡದ ಗುಣದಿಂದಲೇ ಹುಟ್ಟುತ್ತದೆಂಬುದು ಇನ್ನೊಂದು. ಅದೇ ಗುಣವು ಉಡುಪಿನಲ್ಲಿಯೂ ಹೊರಗೆ ಕಾಣುವುದರಿಂದ ಉಡುಪನ್ನು ನೋಡಿ ದುಡಿಮೆಯನ್ನು ಅಳೆಯಬಹುದೆಂಬುದು ಮತ್ತೊಂದು. ಇವು ಕೇವಲ ಮನೆಜಗಲಿಯ ಮಾತುಗಳಾಗಿದ್ದರೆ ವಿಜ್ಞಾನವು ಅವುಗಳ ಗೊಡವೆಗೆ ಹೋಗಬೇಕಾಗಿರಲಿಲ್ಲ. ಆದರೆ ಉದ್ಯೋಗಕ್ಕೆ ಅಭ್ಯರ್ಥಿಗಳನ್ನು ಆರಿಸುವವರೂ, "ನಿನಗೆ ಈ ವೃತ್ತಿ ಒಗ್ಗುವುದಿಲ್ಲ" ಎಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವವರೂ ಇವೇ ನಂಬಿಕೆಗಳ ಮೇಲೆ ನಡೆಯುತ್ತಿರುವಾಗ, ಅವುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡುವುದು ಅವಶ್ಯವಾಗುತ್ತದೆ.

ಮನುಷ್ಯರನ್ನು ಪಂಗಡ ಪಂಗಡವಾಗಿ ವಿಂಗಡಿಸುವ ಚಪಲ ಬಹು ಹಳೆಯದು. ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನು ಮೂವತ್ತು ಬಗೆಯ ಸ್ವಭಾವಗಳ ಚಿತ್ರಗಳನ್ನು ಬರೆದಿಟ್ಟಿದ್ದಾನೆ. ಅವನ ಒಡ್ಡನಾದ ಹಳ್ಳಿಗನು ತನ್ನ ಪಾದಕ್ಕಿಂತ ದೊಡ್ಡದಾದ ಪಾದರಕ್ಷೆಗಳನ್ನು ಮೆಟ್ಟಿಕೊಂಡು ಬರುತ್ತಾನೆ! ಸ್ವಭಾವಕ್ಕೂ ಉಡುಗೆಗೂ ಗಂಟುಹಾಕುವ ಕೆಲಸ ಇಪ್ಪತ್ತಮೂರು ಶತಮಾನಗಳ ಹಿಂದೆಯೇ ಮೊದಲಾಗಿತ್ತೆಂದು ಇದರಿಂದ ತಿಳಿಯುತ್ತದೆ. ರೋಮ್ ಸಾಮ್ರಾಜ್ಯದ ಕಾಲದ ವೈದ್ಯನಾದ ಗೇಲನನು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿಂದ ನಾಲ್ಕು ಮನೋಧರ್ಮಗಳನ್ನು ವಿವರಿಸಹೊರಟನು. ನಮ್ಮ ದೇಶದಲ್ಲಿ ಚರಕಸಂಹಿತೆಯು ವಾತ, ಪಿತ್ತ, ಕಫಗಳ ಪ್ರಾಬಲ್ಯಕ್ಕೆ ಅನುಸಾರವಾಗಿ ಪ್ರಕೃತಿಗಳನ್ನು ವಿಂಗಡಿಸಿ, ಕೆಲಸದ ರೀತಿಯನ್ನೂ ಅದರಲ್ಲಿ ಸೇರಿಸಿತು: ವಾತಪ್ರಕೃತಿಯವನು ಕೆಲಸವನ್ನು ಬೇಗ ಆರಂಭಿಸತಕ್ಕವನು, ಕಫಪ್ರಕೃತಿಯವನು ನಿಧಾನಿ. ಚರಕನನ್ನು ಹೊಗಳಬೇಕಾದ ಒಂದು ಅಂಶವಿದೆ. ಎರಡು ದೋಷಗಳು ಬೆರೆತ ಪ್ರಕೃತಿಗಳೂ ಉಂಟು, ಎಲ್ಲವೂ ಸಮವಾಗಿರುವ ಪ್ರಕೃತಿಯೂ ಉಂಟು ಎಂದು ಅವನು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾನೆ. ಅವನ ಅನಂತರ ಬಂದ ಎಷ್ಟೋ ಪಂಡಿತರಿಗೆ ಇಷ್ಟು ಎಚ್ಚರವಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಂಗಡಣೆಗೆ ಹೊಸ ಜೀವ ಬಂದಿತು. ಸ್ವಿಟ್ಜರ್ಲೆಂಡಿನ ಕಾರ್ಲ್ ಯುಂಗ್ ಅವರು ೧೯೨೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಎರಡು ದೊಡ್ಡ ವರ್ಗಗಳನ್ನು ಮಾಡಿದರು. ಇಂದು ಹೈಸ್ಕೂಲು ಹುಡುಗರ ಬಾಯಲ್ಲಿಯೂ ಈ ಶಬ್ದಗಳು ಓಡಾಡುತ್ತಿವೆ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಇದೇ ತಳಹದಿಯ ಮೇಲೆ ೧೬ ವರ್ಗಗಳ ಪದ್ಧತಿಯೊಂದನ್ನು ಕಟ್ಟಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ದುಡಿಮೆಗೆ ಇಳಿದಿದ್ದ ಹೆಂಗಸರಿಗೆ ಅವರವರ ಸ್ವಭಾವಕ್ಕೆ ಹೊಂದುವ ಕೆಲಸವನ್ನು ಹುಡುಕಿಕೊಡಬೇಕೆಂಬುದು ಮೈಯರ್ಸ್ ಅವರ ಸದಾಶಯವಾಗಿತ್ತು. ಆ ಪ್ರಶ್ನಾವಳಿ ೧೯೬೨ರಲ್ಲಿ ಮುದ್ರಣವಾಗಿ ಬಂದು, ಮುಂದೆ ಲಕ್ಷಾಂತರ ನೌಕರರ ಕೈಗೆ ಹೋಯಿತು.

ವಿಲಿಯಂ ಷೆಲ್ಡನ್ ಎಂಬ ಅಮೆರಿಕದ ವಿದ್ವಾಂಸರದು ಇನ್ನೂ ವಿಚಿತ್ರವಾದ ಸಾಹಸ. ಸ್ವಭಾವವು ದೇಹದ ಆಕಾರದಲ್ಲಿಯೇ ಬರೆದಿದೆಯೆಂದು ನಂಬಿದ್ದ ಅವರಿಗೆ ಉಡುಪು ಒಂದು ಅಡ್ಡಿಯಾಗಿ ತೋರಿತು. ದೇಹದ ನಿಲುವನ್ನು ಪರೀಕ್ಷಿಸುವ ನೆಪದಲ್ಲಿ ಅಮೆರಿಕದ ಪ್ರಸಿದ್ಧ ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳ ವಿವಸ್ತ್ರ ಛಾಯಾಚಿತ್ರಗಳನ್ನು ತೆಗೆಸಲಾಯಿತು. ಅವು ಷೆಲ್ಡನ್ನರ ಸಂಶೋಧನೆಗೂ ಒದಗಿದವು. ಈ ಸಂಗತಿಯೆಲ್ಲ ೧೯೯೫ರಲ್ಲಿ ಪತ್ರಿಕೆಯೊಂದರಲ್ಲಿ ಬಯಲಾದಾಗ ದೊಡ್ಡ ಗದ್ದಲವೆದ್ದಿತು. ಸ್ಥೂಲಕಾಯನು ಭೋಗಪ್ರಿಯ, ದೃಢಕಾಯನು ಸಾಹಸಿ, ಕೃಶಕಾಯನು ಸಂಕೋಚದವನು ಎಂಬ ಅವರ ಸೂತ್ರವು ಕಠಿಣ ಪರೀಕ್ಷೆಗೆ ನಿಲ್ಲಲಿಲ್ಲ.

ಪಂಗಡಗಳ ವಾದದಲ್ಲಿರುವ ದೋಷವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಕಾಲೇಜಿನ ಐನೂರು ವಿದ್ಯಾರ್ಥಿಗಳ ಎತ್ತರವನ್ನು ಅಳೆದು ನೋಡಿ. ಬಹು ಎತ್ತರದವರು ಕೆಲವರು, ಬಹು ಕುಳ್ಳರು ಕೆಲವರು, ಮಿಕ್ಕವರೆಲ್ಲರೂ ನಡುವೆ ಗುಂಪುಗೂಡಿರುತ್ತಾರೆ. "ಎತ್ತರದವರು", "ಕುಳ್ಳರು" ಎಂಬ ಎರಡೇ ಪೆಟ್ಟಿಗೆಗಳನ್ನಿಟ್ಟು ನಡುವೆ ಒಂದು ಗೆರೆ ಎಳೆದರೆ, ಆ ಗೆರೆಯ ಆಚೀಚೆ ಕೂದಲೆಳೆಯ ಅಂತರದಲ್ಲಿ ನಿಂತಿರುವ ಇಬ್ಬರು ಬೇರೆ ಬೇರೆ ಪೆಟ್ಟಿಗೆಗೆ ಬೀಳುತ್ತಾರೆ. ನಾಲ್ಕೂವರೆ ಅಡಿಯವನೂ ಐದಡಿ ನಾಲ್ಕಂಗುಲದವನೂ ಒಂದೇ ಪೆಟ್ಟಿಗೆಯ ಸಹವಾಸಿಗಳಾಗುತ್ತಾರೆ. ಅಂತರ್ಮುಖತೆ ಬಹಿರ್ಮುಖತೆಗಳನ್ನು ಅಳೆದಾಗಲೂ ಅಂಕಗಳು ಹೀಗೆಯೇ ನಡುವೆ ಉಬ್ಬಿದ ಒಂದೇ ದಿಬ್ಬವಾಗುತ್ತವೆಯೇ ಹೊರತು, ಎರಡು ಬೇರೆ ಬೇರೆ ದಿಬ್ಬಗಳಾಗುವುದಿಲ್ಲ. ಅದರಿಂದಲೇ, ೧೬ ವರ್ಗಗಳ ಪ್ರಶ್ನಾವಳಿಯನ್ನು ಕೆಲವು ವಾರಗಳ ಅನಂತರ ಎರಡನೆಯ ಸಲ ತುಂಬಿದವರಲ್ಲಿ ಅನೇಕರು ಬೇರೊಂದು ವರ್ಗಕ್ಕೆ ಹಾರಿರುತ್ತಾರೆ. ಮನುಷ್ಯನು ಬದಲಾಗಿರುವುದಿಲ್ಲ, ಗೆರೆಯ ಹತ್ತಿರದಲ್ಲಿದ್ದವನು ತುಸು ಸರಿದಿರುತ್ತಾನೆ, ಅಷ್ಟೆ.

ಪೆಟ್ಟಿಗೆಗಳಿಗೆ ಬದಲಾಗಿ ಅಳತೆಗೋಲುಗಳನ್ನು ಹುಡುಕಿದವರು ಹಿಡಿದ ದಾರಿ ಭಾಷೆಯ ದಾರಿ. ಜನರು ಒಬ್ಬರನ್ನೊಬ್ಬರು ಕುರಿತು ಆಡುವ ಮಾತುಗಳಲ್ಲಿ ಸ್ವಭಾವದ ಮುಖ್ಯ ಭೇದಗಳೆಲ್ಲವೂ ಹೇಗೋ ಸೇರಿಕೊಂಡಿರಲೇಬೇಕೆಂದು ಅವರು ಊಹಿಸಿದರು. ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬವರು ೧೯೩೬ರಲ್ಲಿ ಇಂಗ್ಲಿಷ್ ನಿಘಂಟನ್ನು ಜಾಲಾಡಿ ೧೭,೯೫೩ ಶಬ್ದಗಳನ್ನು ಆರಿಸಿದರು. ಸ್ಥಿರವಾದ ಗುಣವನ್ನು ಹೇಳುವ ಶಬ್ದಗಳೇ ಅವುಗಳಲ್ಲಿ ನಾಲ್ಕು ಸಾವಿರಕ್ಕೆ ಮೇಲಿದ್ದವು. ಯಾವ ಯಾವ ಗುಣಗಳು ಜೊತೆಜೊತೆಯಾಗಿ ಏರಿಳಿಯುತ್ತವೆಂಬುದನ್ನು ಗಣಿತದಿಂದ ಕಂಡುಹಿಡಿದು ಈ ರಾಶಿಯನ್ನು ಕುಗ್ಗಿಸುವ ಕೆಲಸ ಮುಂದೆ ದಶಕಗಳ ಕಾಲ ನಡೆಯಿತು. ಆ ಗಣಿತದ ಮೂಲಪುರುಷರು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ೧೯೨೪ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ವ್ಯಾಸಂಗ ಮಾಡಿದ್ದು ಇವರ ಬಳಿಯಲ್ಲಿಯೇ ಎಂಬುದು ನಮಗೆ ಹೆಮ್ಮೆಯ ವಿಷಯ. ೧೯೬೧ರಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿಯುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಎಂಬವರ ಕೈಯಲ್ಲಿ ಆ ರಾಶಿ ಐದು ಅಳತೆಗೋಲುಗಳಿಗೆ ಇಳಿಯಿತು. ಅನಂತರ ಇತರರ ಸಂಶೋಧನೆಗಳೂ ಬಹುಮಟ್ಟಿಗೆ ಇದೇ ಐದನ್ನು ತಲಪಿದವು. ಅವನ್ನು ಕನ್ನಡದಲ್ಲಿ ಬಹಿರ್ಮುಖತೆ, ಕಾರ್ಯನಿಷ್ಠೆ, ಸೌಹಾರ್ದ, ಉದ್ವೇಗಶೀಲತೆ, ಹೊಸತಿಗೆ ತೆರೆದ ಮನಸ್ಸು ಎಂದು ಕರೆಯಬಹುದು. ಇವುಗಳಲ್ಲಿ ಯಾವುದೂ ಒಬ್ಬನಲ್ಲಿ ಇದೆ, ಮತ್ತೊಬ್ಬನಲ್ಲಿ ಇಲ್ಲ ಎಂಬ ಬಗೆಯದಲ್ಲ. ಎಲ್ಲವೂ ಎಲ್ಲರಲ್ಲಿಯೂ ಇವೆ. ಪ್ರಮಾಣ ಮಾತ್ರ ಬೇರೆ.

ಇನ್ನು ಕೆಲಸದ ರೀತಿಗೆ ಬರೋಣ. ಸ್ವಭಾವದ ಅಳತೆಗಳು ಒಂದಿಷ್ಟು ನಿಜವಾದ ಬೆಳಕನ್ನು ಚೆಲ್ಲುವುದು ಇಲ್ಲಿಯೇ. ೧೯೮೨ರಲ್ಲಿ ಕ್ಯಾಂಬೆಲ್ ಮತ್ತು ಹಾಲಿ ಎಂಬ ಸಂಶೋಧಕರು ಅಮೆರಿಕದ ಕಾಲೇಜೊಂದರ ಗ್ರಂಥಾಲಯದಲ್ಲಿ ಓದುತ್ತ ಕುಳಿತಿದ್ದ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿಯನ್ನು ಕೊಟ್ಟು ನೋಡಿದರು. ಜನರ ಓಡಾಟವೂ ಮಾತುಕತೆಯೂ ಇರುವ ವಿಶಾಲವಾದ ಜಾಗವನ್ನು ಬಹಿರ್ಮುಖಿಗಳು ಆರಿಸಿಕೊಂಡಿದ್ದರು. ಗೋಡೆಯ ಮರೆಯ ನಿಶ್ಶಬ್ದವಾದ ಮೂಲೆಗಳು ಅಂತರ್ಮುಖಿಗಳ ಪಾಲಾಗಿದ್ದವು. ಬಹಿರ್ಮುಖಿಗಳು ಓದನ್ನು ನಿಲ್ಲಿಸಿ ಎದ್ದುಹೋಗುತ್ತಿದ್ದುದೂ ಹೆಚ್ಚು. ಯಾರೂ ಅವರಿಗೆ ಜಾಗವನ್ನು ಗೊತ್ತುಮಾಡಿರಲಿಲ್ಲ; ತಾವಾಗಿಯೇ ಹಾಗೆ ಹಂಚಿಹೋಗಿದ್ದರು.

ಹೀಗೇಕೆ? ಲಂಡನ್ನಿನ ಹಾನ್ಸ್ ಐಸೆಂಕ್ ಅವರು ಇದಕ್ಕೆ ಒಂದು ಕಾರಣವನ್ನು ಸೂಚಿಸಿದರು. ಅಂತರ್ಮುಖಿಯ ಮೆದುಳು ಸಹಜವಾಗಿಯೇ ಹೆಚ್ಚು ಜಾಗೃತವಾಗಿರುತ್ತದೆಂದೂ, ಆದುದರಿಂದ ಹೊರಗಿನ ಸದ್ದು ಗದ್ದಲಗಳು ಅವನಿಗೆ ಬೇಗ ವಿಪರೀತವಾಗುತ್ತವೆಂದೂ, ಬಹಿರ್ಮುಖಿಯ ಮೆದುಳಾದರೋ ಹೊರಗಿನ ಪ್ರಚೋದನೆಗಾಗಿ ಹಸಿದಿರುತ್ತದೆಂದೂ ಅವರ ಮತ. ಇದನ್ನು ಒರೆಗೆ ಹಚ್ಚಿದ ಪ್ರಯೋಗಗಳಲ್ಲೊಂದು ಓದುಗರಿಗೆ ನಗು ತರಿಸಬಹುದು. ೧೯೬೪ರಲ್ಲಿ ಕಾರ್ಕೊರನ್ ಎಂಬವರು ಜನರ ನಾಲಗೆಯ ಮೇಲೆ ನಾಲ್ಕು ತೊಟ್ಟು ನಿಂಬೆರಸವನ್ನು ಬಿಟ್ಟು, ಬಾಯಲ್ಲಿ ಎಷ್ಟು ಜೊಲ್ಲೂರಿತೆಂಬುದನ್ನು ಹತ್ತಿಯಲ್ಲಿ ಹೀರಿಸಿ ತೂಗಿ ನೋಡಿದರು. ಅಂತರ್ಮುಖಿಗಳಿಗೆ ಹೆಚ್ಚು ಜೊಲ್ಲೂರಿತು! ಮೆದುಳಿನ ಜಾಗೃತಿಯ ಈ ಸಿದ್ಧಾಂತವು ಪೂರ್ಣವಾಗಿ ಸ್ಥಾಪಿತವಾಗಿದೆಯೆನ್ನಲಾಗದು. ಅದರ ವಿವರಗಳ ಬಗ್ಗೆ ವಾದವಿವಾದಗಳು ಇನ್ನೂ ನಡೆದಿವೆ. ಆದರೂ ಅದರಿಂದ ಹೊರಟ ಒಂದು ಪ್ರಯೋಗ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತವಾದುದು. ೧೯೮೪ರಲ್ಲಿ ರಸೆಲ್ ಗೀನ್ ಅವರು ಇಬ್ಬಗೆಯವರಿಗೂ ಜೋಡಿ ಶಬ್ದಗಳನ್ನು ಕಲಿಯುವ ಕೆಲಸವನ್ನು ಕೊಟ್ಟು, ಕಿವಿಗೆ ಬೀಳುವ ಸದ್ದನ್ನು ತಮಗೆ ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳುವ ಸ್ವಾತಂತ್ರ್ಯವನ್ನಿತ್ತರು. ಅಂತರ್ಮುಖಿಗಳು ಕಡಿಮೆ ಸದ್ದನ್ನೂ ಬಹಿರ್ಮುಖಿಗಳು ಹೆಚ್ಚು ಸದ್ದನ್ನೂ ಆರಿಸಿದರು. ತಾವೇ ಆರಿಸಿದ ಸದ್ದಿನಲ್ಲಿ ಇಬ್ಬರೂ ಸಮನಾಗಿ ಕಲಿತರು. ಒಬ್ಬರ ಸದ್ದನ್ನು ಇನ್ನೊಬ್ಬರ ಮೇಲೆ ಹೇರಿದಾಗ ಕಲಿಕೆ ಕುಗ್ಗಿತು.

ಈ ಫಲಿತಾಂಶವನ್ನು ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ಓದಿಕೊಳ್ಳುವುದು ಒಳ್ಳೆಯದು. ರೇಡಿಯೊ ಹಾಕಿಕೊಂಡು ಓದುವವನೆಲ್ಲ ಕಳ್ಳಾಟದವನಲ್ಲ, ಬಾಗಿಲು ಹಾಕಿಕೊಂಡು ಓದುವವನೆಲ್ಲ ಜಂಬದವನಲ್ಲ. ಹಾಗೆಂದು ಹಾಡಿನ ಗೆಳೆಯರು ಬೀಗಬೇಕಾಗಿಲ್ಲ: ೧೯೯೭ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯಲ್ಲಿ ಪಾಪ್ ಸಂಗೀತವನ್ನು ಕೇಳುತ್ತ ಪಾಠವನ್ನೋದಿ ಅರ್ಥಮಾಡಿಕೊಳ್ಳುವುದರಲ್ಲಿ ಅಂತರ್ಮುಖಿಗಳು ಹಿಂದೆ ಬಿದ್ದರು. ಒಂದೇ ಕೊಠಡಿಯಲ್ಲಿ ಇಬ್ಬರಿದ್ದಾಗ ನಷ್ಟ ಯಾರಿಗೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆಳಗಿನ ಜಾವದಲ್ಲಿ ಓದುವವರು, ನಡುರಾತ್ರಿಯವರೆಗೆ ಓದುವವರು ಎಂಬ ಭೇದವೂ ಇದೇ ಬಗೆಯದು. ೧೯೭೬ರಲ್ಲಿ ಹಾರ್ನ್ ಮತ್ತು ಓಸ್ಟ್‌ಬರ್ಗ್ ಅವರು ಇದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಬೇಗ ಏಳುವವರಲ್ಲಿ ಕಾರ್ಯನಿಷ್ಠೆಯ ಅಂಕ ತುಸು ಹೆಚ್ಚೆಂದು ಅದರಿಂದ ಮುಂದೆ ಕಂಡುಬಂದಿದೆ. ಆದರೆ ಇದರಲ್ಲಿ ವಯಸ್ಸಿನ ಕೈವಾಡವನ್ನು ಮರೆಯಲಾಗದು. ಬಾಲ್ಯ ಕಳೆದಂತೆ ನಿದ್ರೆಯ ವೇಳೆ ಹಿಂದೆ ಹಿಂದೆ ಸರಿದು, ಸುಮಾರು ಇಪ್ಪತ್ತರ ಪ್ರಾಯದಲ್ಲಿ ಅತ್ಯಂತ ತಡವಾಗಿ, ಅನಂತರ ಮತ್ತೆ ಮುಂಚಿತವಾಗುತ್ತ ಬರುತ್ತದೆ. ಹದಿನೆಂಟರ ಹುಡುಗನು ಕೋಳಿ ಕೂಗಿದ ಮೇಲೂ ಹೊದ್ದು ಮಲಗಿದರೆ ಅದರಲ್ಲಿ ಸೋಮಾರಿತನಕ್ಕಿಂತ ಪ್ರಾಯದ ಪಾಲೇ ಹೆಚ್ಚಿರಬಹುದು.

ಕೆಲಸದ ಗುಣಮಟ್ಟವನ್ನು ಮುಂಚಿತವಾಗಿ ಹೇಳಬಲ್ಲ ಗುಣ ಯಾವುದು? ಬ್ಯಾರಿಕ್ ಮತ್ತು ಮೌಂಟ್ ಅವರು ೧೯೯೧ರಲ್ಲಿ ಅದುವರೆಗೆ ನಡೆದಿದ್ದ ೧೧೭ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದರು. ವೃತ್ತಿನಿಪುಣರು, ಪೊಲೀಸರು, ವ್ಯವಸ್ಥಾಪಕರು, ಮಾರಾಟಗಾರರು, ಕುಶಲಕರ್ಮಿಗಳು ಎಂಬ ಐದು ಗುಂಪುಗಳಲ್ಲಿಯೂ ತಪ್ಪದೆ ಕೆಲಸಕ್ಕೆ ಬಂದ ಗುಣ ಕಾರ್ಯನಿಷ್ಠೆಯೊಂದೇ. ಬಹಿರ್ಮುಖತೆಯ ಪ್ರಯೋಜನ ಮುಖ್ಯವಾಗಿ ಮಾರಾಟದಲ್ಲಿಯೂ ವ್ಯವಸ್ಥಾಪನೆಯಲ್ಲಿಯೂ ಕಂಡಿತು. ಆದರೆ ಈ ಸಂಬಂಧದ ಬಲವೆಷ್ಟು? ಅವರ ಲೆಕ್ಕದಲ್ಲಿ ಅದು ಸುಮಾರು ೦.೨೨, ಪೂರ್ಣವಾದ ಸಂಬಂಧವಿದ್ದರೆ ೧ ಎಂದು ಬರೆಯುತ್ತಾರೆ. ಇದನ್ನು ಸಾಮಾನ್ಯ ಮಾತಿಗೆ ಇಳಿಸಿ ನೋಡೋಣ. ಕಾರ್ಯನಿಷ್ಠೆಯಲ್ಲಿ ಸರಾಸರಿಗಿಂತ ಮೇಲಿರುವ ೧೦೦ ಮಂದಿಯನ್ನು ಆರಿಸಿದರೆ, ಅವರಲ್ಲಿ ಸುಮಾರು ೫೭ ಮಂದಿಯ ಕೆಲಸ ಸರಾಸರಿಗಿಂತ ಉತ್ತಮವಾಗಿರುತ್ತದೆ. ನಾಣ್ಯವನ್ನು ಚಿಮ್ಮಿ ಆರಿಸಿದ್ದರೆ ೫೦ ಮಂದಿ ಸಿಕ್ಕುತ್ತಿದ್ದರು. ಸಾವಿರ ಜನರನ್ನು ನೇಮಿಸುವ ಕಾರ್ಖಾನೆಗೆ ಈ ಏಳು ಮಂದಿಯ ಅಂತರ ಲಾಭವೇ ಸರಿ. ಆದರೆ ಎದುರಿಗೆ ಕುಳಿತಿರುವ ಒಬ್ಬನೇ ತರುಣನ ಹಣೆಬರಹವನ್ನು ಇದರಿಂದ ಓದಹೊರಡುವುದು ಸಾಹಸವಾದೀತು.

ಅಚ್ಚುಕಟ್ಟಾದ ಮೇಜಿನಲ್ಲಿ ಏನಾದರೂ ಅರ್ಥವಿದೆಯೆ? ಇದೆ. ೨೦೦೨ರಲ್ಲಿ ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು ಅಪರಿಚಿತರನ್ನು ಕೆಲವರ ಕಚೇರಿ ಕೊಠಡಿಗಳಿಗೂ ಮಲಗುವ ಕೊಠಡಿಗಳಿಗೂ ಕಳುಹಿಸಿ, ಅಲ್ಲಿ ವಾಸಿಸುವವರ ಸ್ವಭಾವವನ್ನು ಊಹಿಸುವಂತೆ ಕೇಳಿದರು. ಕೊಠಡಿಯ ಒಪ್ಪ ಓರಣಗಳಿಂದ ಕಾರ್ಯನಿಷ್ಠೆಯನ್ನೂ, ಬಗೆಬಗೆಯ ಪುಸ್ತಕಗಳಿಂದ ಹೊಸತಿಗೆ ತೆರೆದ ಮನಸ್ಸನ್ನೂ ಅವರು ತಕ್ಕಮಟ್ಟಿಗೆ ಸರಿಯಾಗಿಯೇ ಗುರುತಿಸಿದರು. ಕೊಠಡಿಯು ತಿಂಗಳುಗಟ್ಟಲೆ ನಡೆದ ಅಭ್ಯಾಸದ ಉಳಿಕೆ. ನೂರಾರು ಸಲ ಪುಸ್ತಕವನ್ನು ತಿರುಗಿ ತನ್ನ ಜಾಗದಲ್ಲಿಟ್ಟವನ ಕಪಾಟು ಒಂದು ದಿನದಲ್ಲಿ ಆದುದಲ್ಲ.

ಅಂಗಿಯ ಮಾತು ಹಾಗಲ್ಲ. ಅದನ್ನು ಬೆಳಗ್ಗೆ ತೊಟ್ಟು ಸಂಜೆ ಕಳಚುತ್ತೇವೆ. ಅಲ್ಲದೆ, "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಬಟ್ಟೆಯ ಮನಶ್ಶಾಸ್ತ್ರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಉಡುಪಿನಲ್ಲಿ ಉಡುವವನ ಇಚ್ಛೆಯ ಜೊತೆಗೆ ಹವೆ, ಹಣ, ವೃತ್ತಿ, ಮತಾಚಾರ, ತಾಯಿತಂದೆಯರ ಆಜ್ಞೆ, ಕಾಲದ ರೂಢಿ ಇವೆಲ್ಲವೂ ಸೇರಿವೆ. ಸಮವಸ್ತ್ರ ತೊಟ್ಟ ಶಾಲೆಯೊಂದನ್ನು ನೋಡಿ ಅಲ್ಲಿನ ಮಕ್ಕಳೆಲ್ಲರೂ ಒಂದೇ ಸ್ವಭಾವದವರೆಂದು ಯಾರೂ ಹೇಳರು.

ವಿಜ್ಞಾನಿಗಳು ಇಲ್ಲಿಯೂ ಕೈಯಾಡಿಸಿದ್ದಾರೆ. ೧೯೬೩ರಲ್ಲಿ ಲೂಯಿಸ್ ಏಕನ್ ಅವರು ಅಮೆರಿಕದ ಕಾಲೇಜು ವಿದ್ಯಾರ್ಥಿನಿಯರಿಗೆ ಉಡುಪನ್ನು ಕುರಿತ ಪ್ರಶ್ನಾವಳಿಯನ್ನು ಕೊಟ್ಟು, ಅಲಂಕಾರ, ಸೌಖ್ಯ, ಆಸಕ್ತಿ, ಲೋಕರೂಢಿ, ಮಿತವ್ಯಯ ಎಂಬ ಐದು ಒಲವುಗಳನ್ನು ಸ್ವಭಾವದ ಅಂಕಗಳೊಡನೆ ತಾಳೆನೋಡಿದರು. ಉಡುಪಿನಲ್ಲಿ ಮಿತವ್ಯಯವನ್ನು ಮೆಚ್ಚಿದವರಲ್ಲಿ ಹೊಣೆಗಾರಿಕೆಯೂ ದಕ್ಷತೆಯೂ ಹೆಚ್ಚೆಂದು ಅವರಿಗೆ ಕಂಡಿತು. ಆದರೆ ಅವರು ಅಳೆದುದು ಉಡುಪನ್ನು ಕುರಿತ ಅಭಿಪ್ರಾಯವನ್ನು. ಆ ವಿದ್ಯಾರ್ಥಿನಿಯರು ವಾಸ್ತವವಾಗಿ ಏನನ್ನು ಉಟ್ಟಿದ್ದರೆಂಬುದನ್ನಲ್ಲ. ೨೦೦೯ರಲ್ಲಿ ಲಾರಾ ನೌಮನ್ ಮತ್ತು ಸಂಗಡಿಗರು ೧೨೩ ಮಂದಿಯ ಆಪಾದಮಸ್ತಕ ಛಾಯಾಚಿತ್ರಗಳನ್ನು ಅಪರಿಚಿತರಿಗೆ ತೋರಿಸಿದರು. ನೆಟ್ಟಗೆ ನಿಂತು ನಗದೆ ತೆಗೆಸಿಕೊಂಡ ಚಿತ್ರಗಳಿಂದಲೂ, ಎಂದರೆ ಮುಖ್ಯವಾಗಿ ಉಡುಪಿನಿಂದಲೂ ಮೈಕಟ್ಟಿನಿಂದಲೂ, ನೋಡಿದವರು ಬಹಿರ್ಮುಖತೆಯನ್ನು ಒಂದಿಷ್ಟು ಸರಿಯಾಗಿ ಊಹಿಸಿದರು. ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯವಾದ ಕಾರ್ಯನಿಷ್ಠೆಯನ್ನು ಅವುಗಳಿಂದ ಕಂಡುಹಿಡಿಯಲು ಅವರಿಗೆ ಸಾಧ್ಯವಾಗಲಿಲ್ಲ. ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೨೦೮ ಮಂದಿಯ ಪಾದರಕ್ಷೆಗಳ ಚಿತ್ರಗಳನ್ನು ೬೩ ಮಂದಿಗೆ ತೋರಿಸಲಾಯಿತು. ತೊಟ್ಟವರ ವಯಸ್ಸು, ಲಿಂಗ, ವರಮಾನಗಳನ್ನು ಅವರು ಚೆನ್ನಾಗಿ ಊಹಿಸಿದರು. ಸ್ವಭಾವದ ವಿಷಯದಲ್ಲಿ ಅವರ ಊಹೆಗಳು ಹೆಚ್ಚಾಗಿ ಹುಸಿಯಾದವು. ಥಿಯೊಫ್ರಾಸ್ಟಸನ ಹಳ್ಳಿಗನ ದೊಡ್ಡ ಪಾದರಕ್ಷೆಗಳು ಹೇಳುತ್ತಿದ್ದುದು ಅವನ ಬಡತನವನ್ನೇ ಹೊರತು ಒಡ್ಡತನವನ್ನಲ್ಲವೋ ಏನೋ.

ಉಡುಪಿಗೂ ದುಡಿಮೆಗೂ ಇರುವ ಸಂಬಂಧ ಎಷ್ಟು ಸಡಿಲವಾದುದೆಂಬುದಕ್ಕೆ ಗಾಂಧೀಜಿಯವರ ಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ೧೮೮೮ರಲ್ಲಿ ಲಂಡನ್ನಿಗೆ ಹೋದ ಆ ತರುಣ ಬಾಂಡ್ ಸ್ಟ್ರೀಟಿನಲ್ಲಿ ಸೂಟು ಹೊಲಿಸಿಕೊಂಡರು; ಎತ್ತರದ ಹ್ಯಾಟು ಕೊಂಡರು; ದೊಡ್ಡ ಕನ್ನಡಿಯ ಮುಂದೆ ನಿಂತು ಟೈ ಕಟ್ಟುವುದರಲ್ಲಿ ದಿನವೂ ಸಮಯ ಕಳೆದರು. ಶೋಕಿಯ ಆ ದಿನಗಳಲ್ಲಿಯೂ ಅವರು ಖರ್ಚುಮಾಡಿದ ಒಂದೊಂದು ಕಾಸಿಗೂ ಲೆಕ್ಕ ಬರೆದಿಡುತ್ತಿದ್ದರು. ೧೯೦೯ರ ನವೆಂಬರಿನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುತ್ತ, ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ, ಬಲಗೈ ಸೋತಾಗ ಎಡಗೈಯಿಂದ ಬರೆಯುತ್ತ, ಹತ್ತು ದಿನಗಳಲ್ಲಿ "ಹಿಂದ್ ಸ್ವರಾಜ್" ಪುಸ್ತಕವನ್ನು ಮುಗಿಸಿದರು. ಆಗಿನ್ನೂ ಅವರದು ಪಾಶ್ಚಾತ್ಯ ಉಡುಪೇ. ೧೯೧೩ರಲ್ಲಿ ಮುಷ್ಕರ ಹೂಡಿದ ಭಾರತೀಯ ಕೂಲಿಗಾರರ ಮೇಲೆ ಗುಂಡು ಹಾರಿದಾಗ, ಶೋಕಸೂಚಕವಾಗಿ ಕೂಲಿಗಾರರ ಉಡುಪನ್ನು ಧರಿಸಿದರು. ೧೯೧೫ರಲ್ಲಿ ಭಾರತಕ್ಕೆ ಬಂದಿಳಿದಾಗ ಕಾಠಿಯಾವಾಡದ ಧೋತರ, ಅಂಗರಖಾ, ರುಮಾಲು. ೧೯೨೧ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅದನ್ನೂ ಬಿಟ್ಟು ಮೊಣಕಾಲಿನ ಮೇಲಿನ ತುಂಡುಪಂಚೆಗೆ ಇಳಿದರು. ಸೊಂಟಕ್ಕೆ ತೂಗುಹಾಕಿದ ಗಡಿಯಾರ ಮಾತ್ರ ಆ ಪಂಚೆಯೊಡನೆಯೂ ಉಳಿಯಿತು. ಉಡುಪು ಸ್ವಭಾವದ ಕನ್ನಡಿಯೆಂಬುದು ನಿಜವಾಗಿದ್ದರೆ, ಈ ಒಬ್ಬ ಮನುಷ್ಯನ ಸ್ವಭಾವ ಮೂವತ್ತಮೂರು ವರ್ಷಗಳಲ್ಲಿ ಮೂರು ನಾಲ್ಕು ಸಲ ತಲೆಕೆಳಗಾಗಿರಬೇಕಾಗಿತ್ತು. ಬದಲಾದುದು ಅವರು ಯಾರ ಪಕ್ಕದಲ್ಲಿ ನಿಲ್ಲಬೇಕೆಂದು ಮಾಡಿದ ನಿರ್ಧಾರ. ಲೆಕ್ಕ ಬರೆಯುವ ಅಭ್ಯಾಸವೂ, ಗಡಿಯಾರದ ಮೇಲಿನ ಕಣ್ಣೂ ಎಲ್ಲ ಉಡುಪಿನೊಳಗೂ ಇದ್ದೇ ಇದ್ದವು.

ಅದೇ ಕಾಲದಲ್ಲಿ ಸಮಯಪಾಲನೆಗೆ ಗಾಂಧೀಜಿಯವರಷ್ಟೇ ಹೆಸರಾಗಿದ್ದ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸುಕ್ಕಿಲ್ಲದ ಸೂಟು, ಟೈ, ಮೈಸೂರು ಪೇಟಗಳಿಲ್ಲದೆ ಕಲ್ಪಿಸಿಕೊಳ್ಳುವುದೂ ಕಷ್ಟ. ಕಾಲುಚೀಲ ತೊಡಲು ಒಲ್ಲದ ಐನ್‌ಸ್ಟೈನರ ಮಾತನ್ನು ಇಲ್ಲಿ ಎತ್ತಬೇಕಾಗಿಲ್ಲ. ಅವರ ಹೆಸರನ್ನು ಹೇಳಿಕೊಂಡು ಕೆದರಿದ ತಲೆಯಲ್ಲಿ ತರಗತಿಗೆ ಬರುವವರು ಈಗಾಗಲೇ ಸಾಕಷ್ಟು ಮಂದಿ ಇದ್ದಾರೆ.

ಉಡುಪೇ ಮನಸ್ಸನ್ನು ತಿದ್ದುತ್ತದೆಂಬ ವಾದವೂ ಒಂದುಂಟು. ವೈದ್ಯರ ಬಿಳಿಯ ನಿಲುವಂಗಿಯನ್ನು ತೊಟ್ಟವರ ಏಕಾಗ್ರತೆ ಹೆಚ್ಚಿತೆಂದು ೨೦೧೨ರಲ್ಲಿ ಆಡಮ್ ಮತ್ತು ಗ್ಯಾಲಿನ್‌ಸ್ಕಿ ಅವರು ಪ್ರಕಟಿಸಿದಾಗ ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ಅದೇ ಪ್ರಯೋಗವನ್ನು ಹೆಚ್ಚು ಕಟ್ಟುನಿಟ್ಟಾಗಿ ಪುನಃ ಮಾಡಿ ೨೦೧೯ರಲ್ಲಿ ಪ್ರಕಟಿಸಿದವರಿಗೆ ಆ ಫಲ ಕಾಣಲಿಲ್ಲ. ಎರಡನೆಯ ಸುದ್ದಿ ಮೊದಲನೆಯದರಷ್ಟು ಹಬ್ಬಲಿಲ್ಲವೆಂದು ಬೇರೆ ಹೇಳಬೇಕೆ?

ಹಾಗಾದರೆ ಇಷ್ಟು ದುರ್ಬಲವಾದ ಗುರುತುಗಳನ್ನು ಜನರು ಇಷ್ಟು ದೃಢವಾಗಿ ನಂಬುವುದೇಕೆ? ೧೯೪೮ರಲ್ಲಿ ಬರ್ಟ್ರಮ್ ಫೊರರ್ ಎಂಬ ಅಮೆರಿಕದ ಅಧ್ಯಾಪಕರು ತಮ್ಮ ೩೯ ವಿದ್ಯಾರ್ಥಿಗಳಿಗೆ ಸ್ವಭಾವಪರೀಕ್ಷೆಯೊಂದನ್ನು ಕೊಟ್ಟು, ಒಂದು ವಾರದ ಅನಂತರ ಪ್ರತಿಯೊಬ್ಬರಿಗೂ ಅವರವರ ಹೆಸರು ಬರೆದ ಫಲಿತಾಂಶವನ್ನು ಹಂಚಿದರು. ವರ್ಣನೆ ಎಷ್ಟು ನಿಜವೆಂದು ೫ಕ್ಕೆ ಅಂಕ ಕೊಡಿರೆಂದಾಗ ಸರಾಸರಿ ೪.೨೬ ಬಂದಿತು. ಎಲ್ಲರ ಕೈಯಲ್ಲಿದ್ದುದೂ ಒಂದೇ ವರ್ಣನೆ! ಫೊರರ್ ಅದನ್ನು ಬೀದಿಯ ಅಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕವೊಂದರಿಂದ ಆರಿಸಿದ್ದರು. ವಿದ್ಯಾರ್ಥಿಗಳು ಎಳೆಯರು, ಮೋಸಹೋದರು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ೧೯೫೮ರಲ್ಲಿ ರಾಸ್ ಸ್ಟ್ಯಾಗ್ನರ್ ಅವರು ಇದೇ ಆಟವನ್ನು ೬೮ ಮಂದಿ ಸಿಬ್ಬಂದಿ ವ್ಯವಸ್ಥಾಪಕರ ಮೇಲೆ, ಅಂದರೆ ಇತರರ ಸ್ವಭಾವವನ್ನು ಅಳೆದು ಕೆಲಸ ಕೊಡುವುದೇ ವೃತ್ತಿಯಾಗಿದ್ದವರ ಮೇಲೆ, ಆಡಿ ನೋಡಿದರು. ಅವರಲ್ಲಿ ಅರ್ಧದಷ್ಟು ಮಂದಿ ಆ ವರ್ಣನೆ ಆಶ್ಚರ್ಯಕರವಾಗಿ ನಿಜವೆಂದು ಬರೆದುಕೊಟ್ಟರು.

ಉಡುಪಿನ ವಿಷಯದಲ್ಲಿಯೂ ಅಂತಹ ಮೇಜುಗಳ ಹಿಂದೆ ಕುಳಿತವರು ಇದಕ್ಕಿಂತ ಉತ್ತಮರಾಗಿರಲಿಲ್ಲ. ಸಾಂಡ್ರಾ ಫೊರ್ಸೈತ್ ಅವರು ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉದ್ಯೋಗಾರ್ಥಿಗಳಾದ ಸ್ತ್ರೀಯರ ಸಂದರ್ಶನದ ಚಿತ್ರಗಳನ್ನು ಬ್ಯಾಂಕು ಮತ್ತು ಮಾರಾಟ ಸಂಸ್ಥೆಗಳ ಅಧಿಕಾರಿಗಳಿಗೆ ತೋರಿಸಲಾಯಿತು. ಉಡುಪು ಪುರುಷರ ಸೂಟನ್ನು ಹೋಲಿದಷ್ಟೂ ವ್ಯವಸ್ಥಾಪಕ ಹುದ್ದೆಗೆ ಶಿಫಾರಸು ಹೆಚ್ಚಿತು. ಸಂದರ್ಶನಕ್ಕೆ ಹೋಗುವಾಗ ಶುಭ್ರವಾದ ಬಟ್ಟೆ ತೊಟ್ಟುಕೊಳ್ಳಿರೆಂದು ಹಿರಿಯರು ಹೇಳುವುದು ಆದಕಾರಣ ವ್ಯವಹಾರದ ದೃಷ್ಟಿಯಿಂದ ಸರಿ. ಆದರೆ ಒಂದೇ ಒಳ್ಳೆಯ ಅಂಗಿಯಿರುವ ಮನೆಯಿಂದ ಬಂದ ಹುಡುಗನಿಗೂ ಹತ್ತು ಅಂಗಿಗಳಿರುವ ಮನೆಯಿಂದ ಬಂದವನಿಗೂ ಅಲ್ಲಿ ನಡೆಯುವ ಪರೀಕ್ಷೆ ಒಂದೇ ಅಲ್ಲ. ಅಧಿಕಾರಿಗಳು ಸ್ವಭಾವವೆಂದು ಬರೆದುಕೊಳ್ಳುವುದು ಎಷ್ಟೋ ವೇಳೆ ವರಮಾನವನ್ನು.

ಉಳಿದಿರುವುದು ಹಿಂದಿನ ರಾತ್ರಿಯವರೆಗೂ ಪುಸ್ತಕ ಮುಟ್ಟದ ನಮ್ಮ ಎರಡನೆಯ ತರುಣನ ಪ್ರಶ್ನೆ. ಅವನ ಅಭ್ಯಾಸ ಅವನಿಗೆ ಅಂಟಿದ ಸ್ವಭಾವವೆಂದು ಕೈಬಿಡಬೇಕೆ? ೨೦೦೬ರಲ್ಲಿ ರಾಬರ್ಟ್ಸ್ ಮತ್ತು ಸಂಗಡಿಗರು, ಒಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಅಳೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ ಕಾರ್ಯನಿಷ್ಠೆ ಸಾಮಾನ್ಯವಾಗಿ ಏರುತ್ತ ಹೋಗುವುದು ಕಂಡುಬಂದಿತು. ಆದರೆ ಪರೀಕ್ಷೆ ಅಷ್ಟು ಕಾಲ ಕಾಯುವುದಿಲ್ಲ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಮತ್ತು ವೆರೋನಿಕ ಬ್ರಾಂಡ್‌ಸ್ಟೆಟರ್ ಅವರು ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ, ಕ್ರಿಸ್‌ಮಸ್ ಮುನ್ನಾದಿನದ ಸಂಜೆಯನ್ನು ಹೇಗೆ ಕಳೆದಿರೆಂಬುದನ್ನು ಎರಡು ದಿನಗಳೊಳಗಾಗಿ ಬರೆದು ಕಳುಹಿಸುವಂತೆ ಹೇಳಲಾಯಿತು. ಹಬ್ಬದ ಗಡಿಬಿಡಿಯಲ್ಲಿ ಇಂತಹ ಕೆಲಸ ಮೂಲೆಗೆ ಬೀಳುವುದು ಸಹಜ. ಒಂದು ಗುಂಪಿನವರನ್ನು ಮಾತ್ರ, ಎಷ್ಟು ಹೊತ್ತಿಗೆ, ಯಾವ ಸ್ಥಳದಲ್ಲಿ ಕುಳಿತು ಬರೆಯುವಿರೆಂಬುದನ್ನು ಮುಂಚಿತವಾಗಿ ಕಾಗದದ ಮೇಲೆ ಗುರುತುಹಾಕಿರೆಂದು ಕೇಳಲಾಗಿತ್ತು. ಹಾಗೆ ಗುರುತುಹಾಕದವರಲ್ಲಿ ಮೂವರಲ್ಲಿ ಒಬ್ಬರಷ್ಟೇ ಹೇಳಿದ ಗಡುವಿನೊಳಗೆ ಬರೆದರು. ಗುರುತುಹಾಕಿದವರಲ್ಲಿ ಮುಕ್ಕಾಲು ಪಾಲು ಬರೆದು ಮುಗಿಸಿದ್ದರು.